ಲಾಲಾರಸ ಹೇಳುವ ಸಾಕ್ಷಿ

(ಜೂನ್ 26, ಮಾದಕ ವಸ್ತು ವಿರೋಧಿ ದಿನದ ವಿಶೇಷ ಸಂಚಿಕೆಗಾಗಿ)



ನಮ್ಮ ಬಾಯಲ್ಲಿರುವ ನೀರಿಗೆ ಕನ್ನಡದಲ್ಲಿ ಎಷ್ಟು ಹೆಸರಿವೆ, ಎಣಿಸಿದ್ದೀರಾ? ಮಗುವಿನ ಗಲ್ಲದ ಮೇಲೆ ಇಳಿದರೆ ಜೊಲ್ಲು. ರಸ್ತೆಯ ಮೇಲೆ ಬಿದ್ದರೆ ಉಗುಳು. ತಟ್ಟೆಗೆ ತಾಗಿದರೆ ಎಂಜಲು. ಹುಣಸೆಹಣ್ಣು ಕಂಡಾಗ ಬಂದರೆ ಬರೀ ಬಾಯಿನೀರು. ವಿಜ್ಞಾನದ ಪುಸ್ತಕಕ್ಕೆ ಬಂದರೆ ಮಾತ್ರ ಅದಕ್ಕೆ ದೊಡ್ಡ ಹೆಸರು, ಲಾಲಾರಸ. ಇದೇ ಲಾಲಾರಸದ ನಾಲ್ಕು ಹನಿಯಿಂದ ಒಬ್ಬ ಮನುಷ್ಯ ಗಾಂಜಾ, ಕೊಕೇನ್‌ನಂಥ ಮಾದಕ ವಸ್ತು ಸೇವಿಸಿದ್ದಾನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾರೆ. ಅದು ಹೇಗೆ, ಆ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂಬುದೇ ಈ ಪಾಠ.

ಈ ಪಾಠ ಬರೆಯಲು ಒಂದು ಕಾರಣ ಇದೆ. ಹೋದ ವಾರ ನಮ್ಮ ವಿಜ್ಞಾನ ಮೇಷ್ಟ್ರು ಈ ಪರೀಕ್ಷೆಯ ವಿಷಯ ಹೇಳುತ್ತಿದ್ದಾಗ ಒಬ್ಬ ಎದ್ದು ನಿಂತು, "ಹಂಗಾದ್ರೆ ನಮ್ಮ ಕ್ಲಾಸಲ್ಲೂ ಮಾಡಿ ಸಾರ್, ಮೊದಲು ಇವನ್ದು ಮಾಡಿ" ಎಂದು ಹಿಂದಿನ ಬೆಂಚಿನ ಹುಡುಗನನ್ನು ತೋರಿಸಿದ. ಆ ಹುಡುಗನ ಕಣ್ಣು ಕೆಂಡದಂತೆ ಕೆಂಪಾಗಿತ್ತು, ತೂಕಡಿಸುತ್ತಲೂ ಇದ್ದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅವನು ತಲೆ ತಗ್ಗಿಸಿ ಕೂತ. ಆಮೇಲೆ ಗೊತ್ತಾಯಿತು, ಅವರ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿದ್ದವು. ರಾತ್ರಿಯೆಲ್ಲಾ ಅಪ್ಪ, ಅವ್ವ, ಅವನು ಮೂವರೇ ಸೇರಿ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಿದ್ದರು. ಒಂದು ಗಳಿಗೆಯೂ ಮಲಗದೆ ಶಾಲೆಗೆ ಬಂದಿದ್ದ.

ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಬೋರ್ಡಿನ ಮೇಲೆ ಒಂದು ಗಾದೆ ಬರೆದರು: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು." ಆಮೇಲೆ ನನ್ನ ಕಡೆ ತಿರುಗಿ, "ನೀನೂ ನಕ್ಕೆಯಲ್ಲಮ್ಮ, ಈ ಸಲದ ಪಾಠ ನೀನೇ ಬರಿ" ಎಂದರು.

ಲಾಲಾರಸ ಎಲ್ಲಿಂದ ಬರುತ್ತೆ?

ಬಾಯಿಯ ಸುತ್ತ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಒಂದು ಜೊತೆ ಕಿವಿಯ ಮುಂದೆ, ಒಂದು ಜೊತೆ ದವಡೆಯ ಕೆಳಗೆ, ಇನ್ನೊಂದು ಜೊತೆ ನಾಲಿಗೆಯ ಕೆಳಗೆ. ಮಂಗನಬಾವು ಬಂದಾಗ ಕೆನ್ನೆ ಊದಿಕೊಳ್ಳುತ್ತದಲ್ಲ, ಅದು ಕಿವಿಯ ಹತ್ತಿರದ ಗ್ರಂಥಿ. ಇವಲ್ಲದೆ ತುಟಿ, ಕೆನ್ನೆಯ ಒಳಗೆ ನೂರಾರು ಚಿಕ್ಕ ಗ್ರಂಥಿಗಳೂ ಇವೆ. ಎಲ್ಲಾ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಲಾಲಾರಸ ಸುರಿಸುತ್ತವೆ. ಅದರಲ್ಲಿ ನೂರಕ್ಕೆ 99 ಪಾಲು ನೀರು. ಉಳಿದ ಒಂದು ಪಾಲಿನಲ್ಲೇ ಲವಣಗಳು, ಲೋಳೆ, ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ, ಎಲ್ಲವೂ ಇವೆ.

ಮಾಡಿ ನೋಡಿ

ಎರಡು ಲೋಟದಲ್ಲಿ ಅರ್ಧರ್ಧ ನೀರು ಹಾಕಿ, ಒಂದೊಂದು ಚಮಚ ತಣ್ಣಗಾದ ಅನ್ನದ ಗಂಜಿ ಬೆರೆಸಿ. ಒಂದು ಲೋಟಕ್ಕೆ ಮಾತ್ರ ನಿಮ್ಮ ಲಾಲಾರಸ ಒಂದು ಚಮಚದಷ್ಟು ಸೇರಿಸಿ ಕಲಕಿ. ಹದಿನೈದು ನಿಮಿಷ ಬಿಟ್ಟು ಎರಡಕ್ಕೂ ಒಂದೊಂದು ಹನಿ ಟಿಂಚರ್ ಅಯೋಡಿನ್ ಹಾಕಿ. ಬರೀ ಗಂಜಿಯ ಲೋಟ ಕಡು ನೀಲಿಯಾಗುತ್ತೆ. ಲಾಲಾರಸ ಹಾಕಿದ ಲೋಟದಲ್ಲಿ ನೀಲಿ ಬರುವುದಿಲ್ಲ, ಇಲ್ಲವೇ ಬಹಳ ತಿಳಿಯಾಗಿ ಬರುತ್ತೆ. ಯಾಕೆಂದರೆ ಅಮೈಲೇಸ್ ಪಿಷ್ಟವನ್ನು ಒಡೆದುಬಿಟ್ಟಿದೆ. (ನಿಮ್ಮ ಲಾಲಾರಸವನ್ನೇ ಬಳಸಿ, ಬೇರೆಯವರದು ಬೇಡ. ಆದ ಮೇಲೆ ಚೆಲ್ಲಿ ಲೋಟ ಚೆನ್ನಾಗಿ ತೊಳೆಯಿರಿ.)

ಇದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಬಣ್ಣ ಬಾರದೇ ಇರುವುದೂ ಒಂದು ಉತ್ತರವೇ. ಎರಡು, ಪಕ್ಕದಲ್ಲಿ ಬರೀ ಗಂಜಿಯ ಲೋಟ ಇಲ್ಲದಿದ್ದರೆ ಆ ಉತ್ತರವನ್ನು ನಂಬುವಂತಿಲ್ಲ. ಅಯೋಡಿನ್ನೇ ಹಳೆಯದಾಗಿ ಕೆಟ್ಟಿದ್ದರೆ? ಈ ಎರಡೂ ಮುಂದೆ ಬೇಕಾಗುತ್ತವೆ, ನೆನಪಿಟ್ಟುಕೊಳ್ಳಿ.

ಮಾದಕ ವಸ್ತು ಬಾಯಿಗೆ ಬರುವುದು ಹೇಗೆ?

ಎರಡು ದಾರಿಗಳಿವೆ. ಮೊದಲನೆಯದು ನೇರ ದಾರಿ. ಗಾಂಜಾ ಸೇದಿದಾಗ ಹೊಗೆಯಲ್ಲಿರುವ ಟಿಎಚ್‌ಸಿ ಎಂಬ ಅಮಲಿನ ವಸ್ತು ಬಾಯಿಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಲಾಲಾರಸದಲ್ಲಿ ಸಿಗುವ ಟಿಎಚ್‌ಸಿ ಹೆಚ್ಚಾಗಿ ಹೀಗೆ ಅಂಟಿಕೊಂಡದ್ದೇ.

ಎರಡನೆಯದು ರಕ್ತದ ದಾರಿ. ಲಾಲಾಗ್ರಂಥಿಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ರಕ್ತದಲ್ಲಿರುವ ವಸ್ತುವಿನ ಒಂದು ಪಾಲು ಅಲ್ಲಿಂದ ಜಿನುಗಿ ಲಾಲಾರಸಕ್ಕೆ ಸೇರುತ್ತದೆ. ರಕ್ತದ ಪಿಎಚ್ ಸುಮಾರು 7.4, ಲಾಲಾರಸದ್ದು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕಡಿಮೆ. ಕೊಕೇನ್, ಆಂಫೆಟಮೈನ್, ಕೊಡೀನ್ ಇವು ಪ್ರತ್ಯಾಮ್ಲದ ಗುಣದವು. ಲಾಲಾರಸಕ್ಕೆ ಬಂದ ಮೇಲೆ ಇವಕ್ಕೆ ವಿದ್ಯುದಂಶ ಸೇರುತ್ತದೆ, ತಿರುಗಿ ರಕ್ತಕ್ಕೆ ಹೋಗುವುದು ಕಷ್ಟವಾಗುತ್ತದೆ. ಹಳ್ಳದಲ್ಲಿ ಮೀನಿಗೆ ಕೂಳಿ ಇಡ್ತಾರಲ್ಲ, ಒಳಗೆ ಹೋದ ಮೀನು ಹೊರಗೆ ಬರಲಾರದು, ಹಾಗೆ. ಆದ್ದರಿಂದ ಇಂಥ ವಸ್ತುಗಳು ರಕ್ತಕ್ಕಿಂತ ಲಾಲಾರಸದಲ್ಲೇ ಹೆಚ್ಚು ಸಿಗುವುದುಂಟು.

ಪರೀಕ್ಷೆ ಮಾಡುವುದು ಹೇಗೆ?

ಮೊದಲು ಹತ್ತು ನಿಮಿಷ ಏನೂ ತಿನ್ನದೆ ಕುಡಿಯದೆ ಇರಬೇಕು. ಆಮೇಲೆ ಹತ್ತಿಯಂಥ ಮೆತ್ತೆ ಇರುವ ಕಡ್ಡಿಯನ್ನು ನಾಲಿಗೆ, ಕೆನ್ನೆಯ ಒಳಗೆ ಇಟ್ಟು ಒದ್ದೆ ಮಾಡಿಕೊಳ್ತಾರೆ. ಅದರ ರಸವನ್ನು ಕಾಗದದಂಥ ಒಂದು ಪಟ್ಟಿಯ ಮೇಲೆ ಹರಿಸುತ್ತಾರೆ. 2020ರಿಂದ ಎರಡು ಮೂರು ವರ್ಷ ಕೊರೋನಾ ಪರೀಕ್ಷೆಯ ಪಟ್ಟಿ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಜಾತಿ.

ಆ ಪಟ್ಟಿಯೊಳಗೆ ನಡೆಯುವುದನ್ನು ನಮ್ಮೂರ ಜಾತ್ರೆಯಂತೆ ಊಹಿಸಿಕೊಳ್ಳಿ. ಪಟ್ಟಿಯ ಒಂದು ತುದಿಯಲ್ಲಿ ಪ್ರತಿಕಾಯಗಳಿವೆ. ಇವು ಒಂದು ನಿರ್ದಿಷ್ಟ ವಸ್ತುವನ್ನು ಮಾತ್ರ ಹಿಡಿಯುವ ಪ್ರೋಟೀನುಗಳು. ಒಂದೊಂದಕ್ಕೂ ಅತಿ ಸಣ್ಣ ಚಿನ್ನದ ಕಣ ಅಂಟಿಸಿರುತ್ತಾರೆ. ಅಷ್ಟು ಸಣ್ಣದಾದರೆ ಚಿನ್ನ ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಇವರನ್ನು ಕೆಂಪು ಅಂಗಿ ತೊಟ್ಟ ಹುಡುಗರು ಎಂದುಕೊಳ್ಳಿ. ಲಾಲಾರಸ ಹರಿದಾಗ ಈ ಹುಡುಗರು ಅದರ ಜೊತೆ ಮುಂದಕ್ಕೆ ಹೊರಡುತ್ತಾರೆ. ಮುಂದೆ ತೇರಿನ ಹಗ್ಗ ಇದೆ. ಅಂದರೆ ಪಟ್ಟಿಯ ಮೇಲೆ ಒಂದು ಗೆರೆಯಲ್ಲಿ ಅದೇ ಮಾದಕ ವಸ್ತುವಿನ ಅಣುಗಳನ್ನು ಮೊದಲೇ ಅಂಟಿಸಿಟ್ಟಿರುತ್ತಾರೆ.

ಲಾಲಾರಸದಲ್ಲಿ ಮಾದಕ ವಸ್ತು ಇಲ್ಲದಿದ್ದರೆ ಹುಡುಗರ ಕೈ ಖಾಲಿ. ಎಲ್ಲರೂ ಓಡಿಹೋಗಿ ಹಗ್ಗ ಹಿಡಿಯುತ್ತಾರೆ. ದೂರದಿಂದ ನೋಡಿದರೆ ಒಂದು ಕೆಂಪು ಗೆರೆ. ಲಾಲಾರಸದಲ್ಲಿ ಮಾದಕ ವಸ್ತು ಇದ್ದರೆ ದಾರಿಯಲ್ಲೇ ಹುಡುಗರ ಎರಡೂ ಕೈಗೆ ಬೆಂಡು ಬತ್ತಾಸು ತುಂಬಿದಂತೆ. ಕೈ ತುಂಬಿದವರು ಹಗ್ಗ ಹಿಡಿಯೋದು ಹೇಗೆ? ಹಾಗೇ ಮುಂದೆ ಹೋಗಿಬಿಡುತ್ತಾರೆ. ಗೆರೆ ಮೂಡುವುದಿಲ್ಲ.

ಅಂದರೆ ಗೆರೆ ಬಂದರೆ ಮಾದಕ ವಸ್ತು ಸಿಗಲಿಲ್ಲ, ಗೆರೆ ಬಾರದಿದ್ದರೆ ಇರಬಹುದು. ಕೊರೋನಾ ಪಟ್ಟಿಗೆ ಇದು ತಿರುಗುಮುರುಗು. ಗಂಜಿಯ ಪ್ರಯೋಗದಲ್ಲಿ ಬಣ್ಣ ಬಾರದೇ ಇರುವುದೇ ಉತ್ತರವಾಗಿತ್ತಲ್ಲ, ಇದೂ ಹಾಗೆಯೇ. ಬರೀ ಗಂಜಿಯ ಲೋಟದಂತೆ ಇಲ್ಲೂ ಒಂದು ಕಾವಲು ಗೆರೆ ಇರುತ್ತದೆ. ಅದು ಯಾವಾಗಲೂ ಮೂಡಲೇಬೇಕು. ಮೂಡದಿದ್ದರೆ ಪಟ್ಟಿಯೇ ಕೆಟ್ಟಿದೆ ಎಂದರ್ಥ, ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಲಾಲಾರಸವೇ ಯಾಕೆ?

ಕುಡಿದು ಗಾಡಿ ಓಡಿಸುವವರಿಗೆ ಪೊಲೀಸರು ಯಂತ್ರಕ್ಕೆ ಊದಿಸುತ್ತಾರೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮದ್ಯಸಾರ ಬೇಗ ಆವಿಯಾಗುತ್ತದೆ, ಉಸಿರಿನಲ್ಲಿ ಸುಲಭವಾಗಿ ಸಿಗುತ್ತದೆ. ಗಾಂಜಾ, ಕೊಕೇನ್ ಹಾಗಲ್ಲ. ಅವನ್ನು ಬೇರೆ ಕಡೆ ಹುಡುಕಬೇಕು.

ಮೂತ್ರದಲ್ಲಿ ಬಹುಪಾಲು ಮಾದಕ ವಸ್ತುಗಳು ಎರಡು ಮೂರು ದಿನ ಸಿಗುತ್ತವೆ. ದಿನಾ ಗಾಂಜಾ ಸೇದುವವರಲ್ಲಿ ವಾರಗಟ್ಟಲೆ ಸಿಗುವುದುಂಟು. ಆದರೆ ಬಾಗಿಲು ಹಾಕಿಕೊಂಡು ಕೊಡುವ ಮಾದರಿ ಅದು, ಬೇರೆಯವರ ಮೂತ್ರ ತಂದುಕೊಟ್ಟು ಮೋಸ ಮಾಡಬಹುದು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಮೂರು ತಿಂಗಳ ಹಿಂದಿನ ಕಥೆಯನ್ನೂ ಹೇಳುತ್ತದೆ. ಆದರೆ ಇವತ್ತಿನ ಕಥೆ ಹೇಳುವುದಿಲ್ಲ. ರಕ್ತ ತೆಗೆಯಲು ಸೂಜಿ ಬೇಕು, ತರಬೇತಿ ಆದವರು ಬೇಕು. ಲಾಲಾರಸವನ್ನು ಎಲ್ಲರ ಎದುರಿಗೇ ಮರ್ಯಾದೆಯಿಂದ ತೆಗೆದುಕೊಳ್ಳಬಹುದು. ಅದರಲ್ಲಿ ವಸ್ತು ಕೆಲವು ಗಂಟೆಯಿಂದ ಒಂದೆರಡು ದಿನದವರೆಗೆ ಮಾತ್ರ ಇರುವುದರಿಂದ ಇತ್ತೀಚಿನ ಸೇವನೆ ಗೊತ್ತಾಗುತ್ತದೆ.

ಇದರಿಂದಲೇ ಅಮೆರಿಕದಲ್ಲಿ 2023ರಲ್ಲಿ ಲಾರಿ, ಬಸ್ಸು ಓಡಿಸುವವರಂಥ ಕೆಲಸಗಾರರ ಪರೀಕ್ಷೆಗೆ ಮೂತ್ರದ ಜೊತೆಗೆ ಲಾಲಾರಸವನ್ನೂ ನಿಯಮದಲ್ಲಿ ಸೇರಿಸಿದರು. ಅಲ್ಲಿಯ ನಿಯಮದಂತೆ ಟಿಎಚ್‌ಸಿ ಹುಡುಕುವ ಮೊದಲ ಪರೀಕ್ಷೆಯ ಮಿತಿ ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ. ಒಂದು ಗ್ರಾಂ ಉಪ್ಪನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟು ಸಣ್ಣದನ್ನು ಹುಡುಕುವಾಗ ಎಡವುವುದೂ ಸುಲಭ. ಅದಕ್ಕೆ ಒಂದು ನಿಜವಾದ ಉದಾಹರಣೆ ಇದೆ.

2004ರಲ್ಲಿ ನಡೆದದ್ದು

ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ರಾಜ್ಯದಲ್ಲಿ 2004ರ ಡಿಸೆಂಬರ್‌ನಲ್ಲಿ ರಸ್ತೆಯಲ್ಲಿ ಹೋಗುವ ಯಾವ ಚಾಲಕನನ್ನಾದರೂ ನಿಲ್ಲಿಸಿ ಲಾಲಾರಸ ಪರೀಕ್ಷೆ ಮಾಡುವ ಕ್ರಮ ಶುರುವಾಯಿತು. ಜಗತ್ತಿನಲ್ಲಿ ಇಂಥದ್ದು ಅದೇ ಮೊದಲು. ಮೊದಲ ದಿನ ಟೀವಿಯವರು, ಪತ್ರಿಕೆಯವರು ಎಲ್ಲಾ ಸೇರಿದ್ದರು. ಒಬ್ಬ ಚಾಲಕನ ಲಾಲಾರಸದಲ್ಲಿ ಮಾದಕ ವಸ್ತು ಇದೆ ಎಂದು ರಸ್ತೆ ಬದಿಯ ಪರೀಕ್ಷೆ ಹೇಳಿತು. ಕ್ಯಾಮೆರಾಗಳು ಅವನ ಮುಖ ತೋರಿಸಿದವು. ಮೊದಲ ದಿನವೇ ಒಬ್ಬ ಸಿಕ್ಕಿಬಿದ್ದ ಎಂದು ಸುದ್ದಿ ಹಬ್ಬಿತು.

ಆಮೇಲೆ ಅದೇ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದಾಗ ಅದು ನಿಜವಾಗಲಿಲ್ಲ. ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಆದರೆ ಟೀವಿಯಲ್ಲಿ ಮುಖ ನೋಡಿದ ಅಷ್ಟು ಜನಕ್ಕೂ ಆಮೇಲಿನ ಉತ್ತರ ತಲುಪಿತೇ? ಮಾತು ಕುದುರೆಯ ಮೇಲೆ ಹೋದರೆ ತಿದ್ದುಪಡಿ ನಡೆದುಕೊಂಡು ಬರುತ್ತೆ ಅಂದರು ನಮ್ಮ ಮೇಷ್ಟ್ರು.

ಇದರಿಂದ ಲಾಲಾರಸ ಪರೀಕ್ಷೆಯೇ ಸುಳ್ಳು ಎಂದು ತಿಳಿಯಬಾರದು. ವಿಕ್ಟೋರಿಯಾದಲ್ಲಿ ಆ ಪರೀಕ್ಷೆ ಇವತ್ತಿಗೂ ನಡೆಯುತ್ತಿದೆ. ತಪ್ಪಾದದ್ದು ಮೊದಲ ಸುಳಿವನ್ನೇ ತೀರ್ಪು ಎಂದು ತಿಳಿದು ಮುಖ ತೋರಿಸಿದ್ದು. ರಸ್ತೆಯ ಪಟ್ಟಿ ಹೇಳುವುದು "ಇರಬಹುದು" ಅಂತ ಮಾತ್ರ. "ಇದೆ" ಅಂತ ಹೇಳಬೇಕಾದದ್ದು ಪ್ರಯೋಗಾಲಯ. ಅಲ್ಲಿ ಕ್ರೊಮ್ಯಾಟೋಗ್ರಫಿಯಿಂದ ವಸ್ತುಗಳನ್ನು ಬೇರೆ ಬೇರೆ ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಅಣುಗಳ ತೂಕ ನೋಡುತ್ತಾರೆ. ರೇಷ್ಮೆ ಗೂಡನ್ನು ಕಣ್ಣಲ್ಲಿ ನೋಡಿ ಇಷ್ಟು ಕೆ.ಜಿ. ಇರಬಹುದು ಅನ್ನೋದು ಬೇರೆ, ತಕ್ಕಡಿಗೆ ಹಾಕೋದು ಬೇರೆ ಅಲ್ಲವೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಮಾರ್ಚ್ 2ರಿಂದ ಜಾರಿಯಾದ ಕಾನೂನಿನಲ್ಲೂ ಇದೇ ಎರಡು ಮೆಟ್ಟಿಲು. ಪೊಲೀಸರು ರಸ್ತೆಯಲ್ಲಿ ಲಾಲಾರಸದಿಂದ ಗಾಂಜಾ, ಕೊಕೇನ್ ಹುಡುಕುತ್ತಾರೆ. ಸುಳಿವು ಸಿಕ್ಕರೆ ರಕ್ತ ಪರೀಕ್ಷೆ. ತಪ್ಪು ಎಂದು ತೀರ್ಮಾನ ಆಗುವುದು ರಕ್ತದಲ್ಲಿರುವ ಪ್ರಮಾಣದ ಮೇಲೆ. ಅಮೆರಿಕದ ಚಾಲಕರ ಪರೀಕ್ಷೆಯಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ ಮುದ್ರೆ ಹಾಕುತ್ತಾರೆ. ಫಲಿತಾಂಶ ಒಪ್ಪದಿದ್ದರೆ ಇನ್ನೊಂದು ಪಾಲನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ಚಾಲಕನಿಗಿದೆ.

ಪರೀಕ್ಷೆ ಎಡವುವುದು ಎಲ್ಲೆಲ್ಲಿ?

ಒಂದು: ಪ್ರತಿಕಾಯಕ್ಕೆ ಅವಳಿ ಮಕ್ಕಳ ಗುರುತು ಸಿಗುವುದಿಲ್ಲ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್‌ನ ಅಣು ಆಂಫೆಟಮೈನಿನ ಅಣುವನ್ನು ಹೋಲುತ್ತದೆ. ಮೊದಲ ಪರೀಕ್ಷೆ ಮೋಸ ಹೋಗಬಹುದು.

ಎರಡು: ವೈದ್ಯರೇ ಕೊಟ್ಟ ಔಷಧಿ. ಕೆಲವು ಕೆಮ್ಮಿನ ಔಷಧಿಗಳಲ್ಲಿ ಕೊಡೀನ್ ಇರುತ್ತದೆ. ಅದು ಅಫೀಮಿನ ಗುಂಪಿಗೆ ಸೇರಿದ್ದು, ಪರೀಕ್ಷೆಯಲ್ಲಿ ಸಿಗುತ್ತದೆ. ಇಲ್ಲಿ ಯಂತ್ರ ಸುಳ್ಳು ಹೇಳಲಿಲ್ಲ, ಆದರೆ ಕುಡಿದವನೂ ತಪ್ಪು ಮಾಡಿಲ್ಲ.

ಮೂರು: ನಮ್ಮ ಗಸಗಸೆ! ಗಸಗಸೆ ಪಾಯಸ ಕುಡಿದರೆ ಒಳ್ಳೆ ನಿದ್ದೆ ಬರುತ್ತೆ ಎಂದು ನಮ್ಮಜ್ಜಿ ಹೇಳುತ್ತಾರೆ. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಕಾಯಿಯ ಹಾಲು ಬೀಜಕ್ಕೆ ತಾಗಿದ್ದರೆ ಮಾರ್ಫಿನ್‌ನ ಅತಿ ಸಣ್ಣ ಅಂಶ ಅದರಲ್ಲಿ ಉಳಿಯುತ್ತದೆ. ಗಸಗಸೆ ತಿಂದವರು ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದುದರಿಂದ ಅಮೆರಿಕದಲ್ಲಿ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಗಸಗಸೆ ಒಯ್ಯುವುದೇ ನಿಷೇಧ. ಕೆಲಸಕ್ಕೆಂದು ಆ ಕಡೆ ಹೋಗುವ ನಮ್ಮವರ ಪೆಟ್ಟಿಗೆಯಲ್ಲಿ ಮಸಾಲೆ ಸಾಮಾನಿನ ಜೊತೆ ಅದು ಇರದಂತೆ ನೋಡಿಕೊಳ್ಳಬೇಕು.

ನಾಲ್ಕು: ಪಟ್ಟಿ ತನಗೆ ಹೇಳಿಕೊಟ್ಟದ್ದನ್ನು ಮಾತ್ರ ಹುಡುಕುತ್ತದೆ. ಪಂಕ್ಚರ್ ಅಂಟಿನ ವಾಸನೆ ಎಳೆಯುವ ಕೆಟ್ಟ ಚಟ ಕೆಲವು ಮಕ್ಕಳಿಗಿರುತ್ತದೆ. ಅದು ಮೆದುಳಿಗೂ ಹೃದಯಕ್ಕೂ ಅಪಾಯ. ಆದರೆ ಈ ಪಟ್ಟಿಗಳಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ "ಪರೀಕ್ಷೆಯಲ್ಲಿ ಏನೂ ಇಲ್ಲ" ಎಂದರೆ "ಏನೂ ತೊಂದರೆ ಇಲ್ಲ" ಎಂದಲ್ಲ.

ಐದು: ವಸ್ತು ಸಿಕ್ಕಿದೆ ಎಂದರೆ ಆ ಕ್ಷಣ ಅಮಲಿನಲ್ಲಿದ್ದಾನೆ ಎಂದೂ ಅಲ್ಲ. ನಿನ್ನೆ ಸೇದಿದ್ದೂ ಇವತ್ತು ಸಿಗಬಹುದು.

ಬೀಡಿ ಯಾರದು, ಸಾಕ್ಷಿ ಯಾರ ಬಾಯಲ್ಲಿ?

ತಂಬಾಕಿಗೂ ಒಂದು ಲಾಲಾರಸ ಪರೀಕ್ಷೆ ಇದೆ. ತಂಬಾಕಿನ ನಿಕೋಟಿನ್ ದೇಹದಲ್ಲಿ ಕೋಟಿನಿನ್ ಎಂಬ ವಸ್ತುವಾಗುತ್ತದೆ. ನಿಕೋಟಿನ್ ಬೇಗ ಕರಗಿಹೋದರೂ ಕೋಟಿನಿನ್ ಒಂದೆರಡು ದಿನ ಉಳಿಯುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಯಾವುದೇ ಇರಲಿ, ಲಾಲಾರಸ ಹೇಳಿಬಿಡುತ್ತದೆ.

ಇದನ್ನು ಓದುವಾಗ ನನಗೆ ಬೇಸರ ಆದ ಸಂಗತಿ ಇದು: ಒಂದು ದಿನವೂ ಬೀಡಿ ಮುಟ್ಟದ ಮಕ್ಕಳ ಲಾಲಾರಸದಲ್ಲೂ ಕೋಟಿನಿನ್ ಸಿಗುತ್ತದೆ. ಮನೆಯೊಳಗೆ ದೊಡ್ಡವರು ಸೇದಿ ಬಿಟ್ಟ ಹೊಗೆ ಅದು. ಬೀಡಿ ಅಪ್ಪನದು, ಸಾಕ್ಷಿ ಮಗುವಿನ ಬಾಯಲ್ಲಿ. ಈ ಪಾಠ ಓದಿದ ಮೇಲೆ ನಾನು ನಮ್ಮಪ್ಪನಿಗೆ ಅಷ್ಟನ್ನೇ ಹೇಳಿದೆ. ಏನೂ ಮಾತಾಡಲಿಲ್ಲ. ಆದರೆ ಈಗ ಸೇದಬೇಕೆನಿಸಿದರೆ ಜಗುಲಿಯಿಂದ ಎದ್ದು ಹಿತ್ತಲಿಗೆ ಹೋಗುತ್ತಾರೆ. ಪೂರ್ತಿ ಬಿಡುವ ದಿನವೂ ಬರಲಿ ಎಂದು ಕಾಯುತ್ತಿದ್ದೇನೆ.

ನಿಜವಾಗಿ ಸಿಕ್ಕಿದರೆ?

ಪ್ರಯೋಗಾಲಯವೂ "ಇದೆ" ಎಂದಿತು ಎಂದುಕೊಳ್ಳಿ. ಆಗ ನಗುವುದು, ಹೊಡೆಯುವುದು, ಊರೆಲ್ಲಾ ಸಾರುವುದು ಔಷಧಿಯಲ್ಲ. ವ್ಯಸನ ಒಂದು ಕಾಯಿಲೆ, ಚಿಕಿತ್ಸೆ ಇದೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯಂತೆ ಸೇವನೆ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಮಾತ್ರ ಇರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. 14446 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿದ್ದರೂ ನಿಮ್ಮ ಬೀದಿಯಲ್ಲಿ ಯಾರಿಗಾದರೂ ಬೇಕಾಗಬಹುದು.

ಕೊನೆಯ ಮಾತು

ಲಾಲಾರಸದಲ್ಲಿ ನ್ಯಾನೋಗ್ರಾಂ ಹುಡುಕುವ ವಿಜ್ಞಾನಿಗಳೇ ಒಂದು ಪರೀಕ್ಷೆ ಸಾಲದು, ಎರಡನೆಯದು ಬೇಕು ಅನ್ನುತ್ತಾರೆ. ನಾವು ಯಾವ ಪಟ್ಟಿಯೂ ಇಲ್ಲದೆ, ಯಾವ ಪ್ರಯೋಗಾಲಯವೂ ಇಲ್ಲದೆ, ಬರೀ ಕೆಂಪು ಕಣ್ಣು ನೋಡಿ ತೀರ್ಪು ಕೊಟ್ಟೆವು. ನಮ್ಮ ತೀರ್ಪಿಗೆ ಕಾವಲು ಗೆರೆ ಎಲ್ಲಿತ್ತು? "ಯಾಕೋ ನಿದ್ದೆಗೆಟ್ಟಿದ್ದೀಯಾ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈ ಪಾಠದಲ್ಲಿ ಅವನ ವಿಷಯ ಬರೆಯಲೋ ಬೇಡವೋ ಎಂದು ಅವನನ್ನೇ ಕೇಳಿದೆ. "ಬರಿ, ಆದ್ರೆ ಹೆಸರು ಹಾಕಬೇಡ" ಅಂದ. ಮತ್ತೆ ತಾನಾಗೇ ಹೇಳಿದ, "ಈ ಸಲ ಗೂಡು ಚೆನ್ನಾಗಿ ಬಂದಿದೆ."

ನೆನಪಿಡಿ
ಗೆರೆ ಬಾರದಿದ್ದರೆ ಸುಳಿವು, ಪ್ರಯೋಗಾಲಯ ಹೇಳಿದರೆ ಸಾಕ್ಷಿ.
ಕಾವಲು ಗೆರೆ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಉತ್ತರ ಹೇಳಬಲ್ಲಿರಾ?
1. ಲಾಲಾರಸ ಪಟ್ಟಿಯಲ್ಲಿ ಎರಡೂ ಗೆರೆ ಮೂಡದಿದ್ದರೆ ಏನೆಂದು ತಿಳಿಯಬೇಕು?
2. ಹತ್ತು ದಿನದ ಹಿಂದೆ ಒಮ್ಮೆ ಮಾತ್ರ ಕೊಕೇನ್ ಸೇವಿಸಿದ್ದವನನ್ನು ಲಾಲಾರಸ, ಮೂತ್ರ, ಕೂದಲು ಇವುಗಳಲ್ಲಿ ಯಾವುದು ಹಿಡಿದುಕೊಡಬಹುದು?
3. ಗಂಜಿಯ ಪ್ರಯೋಗದಲ್ಲಿ ಎರಡೂ ಲೋಟ ನೀಲಿಯಾಗದಿದ್ದರೆ ಕಾರಣ ಏನಿರಬಹುದು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ವಿಜ್ಞಾನ ಮೇಷ್ಟ್ರ ಮೇಜಿನ ಪೆಟ್ಟಿಗೆಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

ಬರೆದವಳು: ಹತ್ತನೇ ತರಗತಿಯ ವಿದ್ಯಾರ್ಥಿನಿ